ಪದಚರ್ಚೆ: ಬಣ್ಣ ಹುಯ್ದು ಮಾಡುವ ಚಿತ್ರಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಬೋರ್ಡು ಬರೆಯುವವರಿಗೆ ಒಂದು ಪದ ಕೊಡಬೇಕು. ಮಡಿಕೇರಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ‘ಫ್ಲೂಯಿಡ್ ಪೋರಿಂಗ್’ ಹವ್ಯಾಸ ಶುರುವಾಗಿ ವರ್ಷವಾಯಿತು. ಈಗ ನಾಲ್ಕು ಮಕ್ಕಳು ಕಲಿಯಲು ಬರುತ್ತಿದ್ದಾರೆ. ಬೋರ್ಡಿನಲ್ಲಿ ನೂರಕ್ಕೆ 60 ಪಾಲು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

ಅಕ್ರಿಲಿಕ್ ಬಣ್ಣಕ್ಕೆ ‘ಮೀಡಿಯಂ’ ಎಂಬ ದ್ರವ ಬೆರೆಸಿ ತೆಳು ಮಾಡುತ್ತೇವೆ. ನಾಲ್ಕೈದು ಬಣ್ಣಗಳನ್ನು ಒಂದೇ ಲೋಟದಲ್ಲಿ ಪದರ ಪದರವಾಗಿ ತುಂಬಿ, ಕ್ಯಾನ್ವಾಸಿನ ಮೇಲೆ ಬೋರಲು ಹಾಕಿ, ಲೋಟ ಎತ್ತಿ, ಆ ಕಡೆ ಈ ಕಡೆ ವಾಲಿಸುತ್ತೇವೆ. ಕುಂಚ ಮುಟ್ಟುವುದೇ ಇಲ್ಲ. ಟೈಟಾನಿಯಂ ಬಿಳಿ ತೂಕದ್ದು, ಕೆಳಗಿಳಿಯುತ್ತದೆ. ಹಗುರ ಬಣ್ಣ ಮೇಲೇಳುತ್ತದೆ. ಎರಡು ಹನಿ ಸಿಲಿಕೋನ್ ಎಣ್ಣೆ ಬಿದ್ದರೆ ದುಂಡನೆಯ ಬಣ್ಣದ ಚುಕ್ಕೆಗಳು, ಅಂದರೆ ‘ಸೆಲ್’ಗಳು, ಜಾಸ್ತಿ ಮೂಡುತ್ತವೆ. ಅದಕ್ಕೂ ಪದ ಬೇಕು. ನಾನು ‘ದ್ರವವರ್ಣ ಚಿತ್ರಕಲೆ’ ಎಂದು ಬರೆದಿಟ್ಟೆ. ಮಕ್ಕಳಿಗೆ ಬಾಯಿಗೇ ಬರಲಿಲ್ಲ.

— ಮಡಿಕೇರಿ

ದ್ರವವರ್ಣ ಬೇಡ. ಡಬ್ಬಿಯಲ್ಲಿರುವ ಬಣ್ಣವೆಲ್ಲ ದ್ರವವೇ ಅಲ್ವಾ? ನಮ್ಮಲ್ಲಿ ‘ಎರೆ’ ಇದೆ. ನೀರೆರೆ, ಎಣ್ಣೆ ಎರೆ. ‘ಎರಕ’ ಬಂದದ್ದೂ ಅಲ್ಲಿಂದಲೇ. ‘ಬಣ್ಣದೆರಕ’ ಎಂದು ಬರೆಸಿ. ಮುಗಿಯಿತು.

— ವಿರಾಜಪೇಟೆ

ಮುಗಿಯಲಿಲ್ಲ. ಎರಕಕ್ಕೆ ಅಚ್ಚು ಬೇಕು. ಇಲ್ಲಿ ಅಚ್ಚೇ ಇಲ್ಲ, ಬಣ್ಣ ಹೋದದ್ದೇ ದಾರಿ. ‘ಹುಯ್’ ತೆಗೆದುಕೊಳ್ಳಿ. ಹಳಗನ್ನಡದ ‘ಪೊಯ್’, ಆಮೇಲೆ ‘ಹೊಯ್’, ಬಾಯಲ್ಲಿ ‘ಹುಯ್’. ಮಳೆಗೆ ಮಲಯಾಳದವರು ಹೇಳುವ ‘ಪೆಯ್ಯುಕ’ ಇದರ ನೆಂಟ. ನೀರುದೋಸೆ ಹುಯ್ಯುವುದನ್ನು ನೋಡಿ. ಹಿಟ್ಟು ನೀರಾಗಿರಬೇಕು, ಸೌಟಿನಲ್ಲಿ ಸವರುವಂತಿಲ್ಲ, ಕಾವಲಿಯನ್ನೇ ವಾಲಿಸಿ ತುಂಬಿಸಬೇಕು. ಇವರು ಬಣ್ಣದಲ್ಲಿ ಮಾಡುತ್ತಿರುವುದೂ ಅದನ್ನೇ. ‘ಹುಯ್ಬಣ್ಣ’ ಅನ್ನಿ.

— ಸೋಮವಾರಪೇಟೆ

ಹೊಯ್ ಅಂದರೆ ಹೊಡೆಯುವುದು ಕೂಡ. ಹೊಯ್ಸಳರ ಕತೆಯಲ್ಲಿ ಸಳ ಹುಲಿಯ ಮೇಲೆ ಬಣ್ಣ ಸುರಿದನೇ? ಮೊದಲು ‘ಅಕ್ರಿಲಿಕ್’, ‘ಕ್ಯಾನ್ವಾಸ್’, ‘ಮೀಡಿಯಂ’ ಇವಕ್ಕೆ ಕನ್ನಡ ಹುಡುಕಿ. ಒಂದು ಬಾಗಿಲು ಮುಚ್ಚಿ ಮೂರು ತೆರೆದಿಟ್ಟರೆ ಏನು ಬಂತು?

— ವಿರಾಜಪೇಟೆ

ಹಾಗೆ ಮುಚ್ಚುತ್ತಾ ಹೋದರೆ ‘ಬಣ್ಣ’ವೂ ಹೊರಗೇ ನಿಲ್ಲಬೇಕು. ಅದು ‘ವರ್ಣ’ದ ತದ್ಭವ. ಬಂದ ಪದ ನಮ್ಮ ನಾಲಿಗೆಗೆ ಒಗ್ಗಿದರೆ ಅದು ನಮ್ಮದೇ. ಅಕ್ರಿಲಿಕ್ ಸರಕಿನ ಹೆಸರು, ಇರಲಿ. ಆದರೆ ಕೈ ಮಾಡುವ ಕೆಲಸಕ್ಕೆ ಅಡುಗೆಮನೆಯಲ್ಲೇ ಕ್ರಿಯಾಪದ ಇರುವಾಗ ‘ಪೋರಿಂಗ್’ ಸಾಲ ಯಾಕೆ? 1930ರ ದಶಕದಲ್ಲಿ ಇದೇ ಥರ ಬಣ್ಣದ ಮೇಲೆ ಬಣ್ಣ ಸುರಿದು ನೋಡಿದ ಮೆಕ್ಸಿಕೋದ ಚಿತ್ರಕಾರ ಸಿಕೇರೋಸ್ ಅದನ್ನು ‘ಆಕಸ್ಮಿಕ ಚಿತ್ರ’ ಎಂದರು. ಅವರೇ ಸುರಿಯುವ ಮಾತೆತ್ತದೆ ಹೆಸರಿಟ್ಟ ಮೇಲೆ ನಾವು ಇಂಗ್ಲಿಷಿನ ಹಿಂದೆ ಹೋಗಬೇಕಿಲ್ಲ.

— ಸೋಮವಾರಪೇಟೆ

ಇಬ್ಬರಿಗೂ ವಂದನೆ. ‘ಬಣ್ಣದೆರಕ’ ಎಂದು ಹೇಳಿ ನೋಡಿದೆ. ಒಬ್ಬ ಹುಡುಗ ಎರೆಹುಳು ಅಂದುಕೊಂಡ. ‘ಹುಯ್ಬಣ್ಣ’ ಅಂದ ತಕ್ಷಣ ಎಲ್ಲರೂ ಲೋಟ ಬೋರಲು ಹಾಕುವಂತೆ ಕೈ ತಿರುಗಿಸಿದರು. ಅದನ್ನೇ ಮೇಲೆ ದಪ್ಪಕ್ಷರದಲ್ಲಿ ಬರೆಸುತ್ತೇನೆ, ಕೆಳಗೆ ಸಣ್ಣದಾಗಿ ಇಂಗ್ಲಿಷ್. ‘ಸೆಲ್’ಗೆ ಸದ್ಯಕ್ಕೆ ‘ಕಣ್ಣು’ ಅನ್ನುತ್ತಿದ್ದೇವೆ, ನವಿಲುಗರಿಯ ಕಣ್ಣಿನ ಹಾಗೆ. ಇನ್ನೊಂದು ಬಾಕಿ ಇದೆ. ಈ ಮಳೆಯಲ್ಲಿ ಮೂರು ದಿನವಾದರೂ ಬಣ್ಣ ಒಣಗಿಲ್ಲ. ಮೇಲೆ ಕೆನೆ ಕಟ್ಟಿದೆ, ಬೆರಳಿಟ್ಟರೆ ಒಳಗೆ ಇನ್ನೂ ಜಾರುತ್ತದೆ. ಆ ಸ್ಥಿತಿಗೆ ನಿಮ್ಮ ಕಡೆ ಏನನ್ನುತ್ತೀರಿ?

— ಮಡಿಕೇರಿ