ಮಾವನವರಿಗೆ ಬೆಳಗಿನ ಮಾತ್ರೆ ನೆನಪಿರಲ್ಲ, ರೇಷ್ಮೆ ಗೂಡಿನ ಹಳೇ ರೇಟು ನೆನಪಿದೆ. ಇದು ‘ಅಲ್ಪಾವಧಿ ಸ್ಮೃತಿ’ಯ ತೊಂದರೆನಾ?

ಶಿಡ್ಲಘಟ್ಟದ ಸೊಸೆ:

ಎಲ್ಲರಿಗೂ ನಮಸ್ಕಾರ. ಮಕ್ಕಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಮತ್ತೆ ಓದೋ ಆಸೆ ಬಂದು, ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದೀನಿ. ಸೈಕಾಲಜಿ ಒಂದು ವಿಷಯ. ‘ನಮ್ ಸೊಸೆ ಮನಸಲ್ಲಿರೋದನ್ನ ಓದೋ ವಿದ್ಯೆ ಕಲೀತಾವ್ಳೆ’ ಅಂತ ಅತ್ತೆ ಬೀದಿಗೆಲ್ಲ ಹೇಳಿಟ್ಟಿದಾರೆ, ಅದಿರಲಿ.

ಈಗ ‘ಕಲಿಕೆ ಮತ್ತು ಸ್ಮೃತಿ’ ಪಾಠದಲ್ಲಿ ಸಿಕ್ಕಾಕೊಂಡಿದೀನಿ. ನೋಟ್ಸಲ್ಲಿ ಮೂರು ಚೌಕ ಇರೋ ಚಿತ್ರ ಇದೆ: ಸಂವೇದನಾ ಸ್ಮೃತಿ, ಅಲ್ಪಾವಧಿ ಸ್ಮೃತಿ, ದೀರ್ಘಾವಧಿ ಸ್ಮೃತಿ. ಓದುವಾಗ ಎಲ್ಲಾ ಅರ್ಥ ಆಯ್ತು. ಆಮೇಲೆ ನಮ್ಮ ಮಾವನವರನ್ನ ನೋಡಿದ್ರೆ ಯಾವ ಚೌಕಕ್ಕೂ ಹೊಂದಲ್ಲ.

ಮಾವನವರು ಜೀವಮಾನ ಎಲ್ಲಾ ರೇಷ್ಮೆ ಗೂಡಿಂದ ನೂಲು ಬಿಚ್ಚಿದವರು. ಮೊದಲು ಚರಕದಲ್ಲಿ, ಆಮೇಲೆ ಕಾಟೇಜ್ ಬೇಸಿನ್ ಅನ್ನೋ ನೂಲು ತೆಗೆಯೋ ಯಂತ್ರದಲ್ಲಿ. ಯಾವ ವರ್ಷ ಗೂಡಿನ ರೇಟು ಬಿತ್ತು, ಆಗ ಯಾರ್ಯಾರು ಚರಕ ಮಾರ್ಕೊಂಡು ಬೆಂಗಳೂರಿಗೆ ಹೋದ್ರು, ಯಾರಿಗೆ ಎಷ್ಟು ಬಾಕಿ ಕೊಡೋದಿತ್ತು, ಎಲ್ಲಾ ಬಾಯಲ್ಲೇ ಇದೆ. ಆದ್ರೆ ಬೆಳಗ್ಗೆ ಬಿ.ಪಿ. ಮಾತ್ರೆ ತಗೊಂಡ್ರಾ ಅಂತ ಹನ್ನೊಂದು ಗಂಟೆಗೆ ಕೇಳಿದ್ರೆ ಗೊತ್ತಿಲ್ಲ. ಒಂದೊಂದ್ ದಿನ ಎರಡನೇ ಸಲ ತಗೊಳ್ಳೋಕೆ ಹೋಗ್ತಾರೆ. ಮನೆಯಲ್ಲಿ ಎಲ್ಲರೂ ‘ಶಾರ್ಟ್ ಟರ್ಮ್ ಮೆಮೊರಿ ಹೋಗಿದೆ’ ಅಂತಾರೆ. ಆದ್ರೆ ಮಾತಾಡೋವಾಗ ಒಂದು ತಪ್ಪಿಲ್ಲ. ಮೊನ್ನೆ ಒಬ್ಬರು ಗೂಡು ತಂದು ತೋರಿಸಿದಾಗ ಕೈಗೆ ತಗೊಂಡು, ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸಿ ‘ಇದು ಸಿ.ಬಿ. (ಮಿಶ್ರತಳಿ) ಗೂಡು, ಹುಳ ಇನ್ನೂ ಸರಿಯಾಗಿ ಕೋಶ ಆಗಿಲ್ಲ, ಬೇಗ ಬಿಡಿಸಿಬಿಟ್ಟವ್ರೆ’ ಅಂದ್ರು. ಅದು ಯಾವ ಚೌಕದಲ್ಲಿದೆ?

ಇನ್ನೆರಡು ಪ್ರಶ್ನೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಒಂದೇ ಪಾಠನ ಮೇಲಿಂದ ಮೇಲೆ ಓದ್ತೀನಿ. ಓದುವಾಗ ‘ಗೊತ್ತಿರೋದೇ’ ಅನ್ಸುತ್ತೆ. ವಾರ ಬಿಟ್ಟು ಹಾಳೆ ಮುಂದೆ ಕೂತ್ರೆ ಖಾಲಿ. ಯಾಕೆ? ಮತ್ತೆ ಈ ಋಣಾತ್ಮಕ ಪುನರ್ಬಲನ ಅಂದ್ರೆ ಶಿಕ್ಷೆ ತಾನೆ? ಶಿಕ್ಷೆ ಅಲ್ಲ ಅಂತ ಬರೆದು ಕೆಳಗೆ ಕೊಟ್ಟಿರೋ ಉದಾಹರಣೆ ಮಾತ್ರ ಶಿಕ್ಷೆ ಥರಾನೇ ಇದೆ.

ಚಿಂತಾಮಣಿ ಹುಡುಗ:

ಅಕ್ಕ ಸಿಂಪಲ್. ನಿಮ್ಮ ಮಾವಂಗೆ ಶಾರ್ಟ್ ಟರ್ಮ್ ಮೆಮೊರಿ ವೀಕು, ಲಾಂಗ್ ಟರ್ಮ್ ಸ್ಟ್ರಾಂಗು. ಇನ್ನು ಓದಿದ್ದು ಮರೆಯೋದು ನಾರ್ಮಲ್. ಏನು ಓದಿದ್ರೂ 24 ಗಂಟೇಲಿ 70% ಹೋಗುತ್ತೆ ಅಂತ ಸೈಕಾಲಜಿಸ್ಟ್ ಎಬ್ಬಿಂಗ್‌ಹೌಸ್ ಪ್ರೂವ್ ಮಾಡಿದಾನೆ. ಟಿಇಟಿ ಕೋಚಿಂಗಲ್ಲಿ ಹೇಳ್ಕೊಟ್ಟಿದ್ದು. ಆಲ್ ದಿ ಬೆಸ್ಟ್.

ಕೋಲಾರದ ನಿವೃತ್ತ ಮೇಷ್ಟ್ರು:

ಅಮ್ಮಾ, ನಾನು ಈ ಪಾಠ ಮಾಡಿಯೇ ತಲೆ ನರೆಸಿಕೊಂಡವನು. ಮೇಲಿನ ಹುಡುಗನ ಉತ್ತರಕ್ಕೆ ಅರ್ಧ ಅಂಕ ಕೊಡುತ್ತಿದ್ದೆ, ಅದೂ ಅಕ್ಷರ ದುಂಡಗಿದ್ದರೆ.

ಮೊದಲು ಮಾತ್ರೆಯ ವಿಷಯ. ಮನೆಯವರು ಅಲ್ಪಾವಧಿ ಅಂದರೆ ಇವತ್ತು, ನಿನ್ನೆ ಅಂದುಕೊಂಡಿದ್ದಾರೆ. ಮನೋವಿಜ್ಞಾನದಲ್ಲಿ ಅದು ಸೆಕೆಂಡುಗಳ ಲೆಕ್ಕ. 1959ರಲ್ಲಿ ಅಮೆರಿಕದ ಪೀಟರ್ಸನ್ ದಂಪತಿ ಮಾಡಿದ ಪ್ರಯೋಗ ನಿಮ್ಮ ಪುಸ್ತಕದಲ್ಲೂ ಇರಬೇಕು. ಮೂರು ವ್ಯಂಜನ ಹೇಳಿ, ಮನಸ್ಸಿನಲ್ಲಿ ಅದನ್ನೇ ಗುನುಗಲು ಬಿಡದೆ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡ್ ಕಳೆಯುವ ಹೊತ್ತಿಗೆ ಆ ಮೂರು ಅಕ್ಷರವನ್ನು ಹತ್ತು ಸಲದಲ್ಲಿ ಒಂದು ಸಲ ಸರಿಯಾಗಿ ಹೇಳಿದರೆ ಹೆಚ್ಚು. ತರಗತಿಯಲ್ಲಿ ನಾನು ಇದನ್ನು ಮಾಡಿಸಿದಾಗಲೆಲ್ಲ ಹುಡುಗರು ‘ಸಾರ್ ಮೋಸ’ ಅಂತ ಗಲಾಟೆ ಮಾಡುತ್ತಿದ್ದರು. ಮೋಸ ಏನೂ ಇಲ್ಲ, ಆ ಚೌಕ ಇರುವುದೇ ಅಷ್ಟಕ್ಕೆ.

ಅಂದಮೇಲೆ ಏಳು ಗಂಟೆಗೆ ನುಂಗಿದ ಮಾತ್ರೆಯನ್ನು ಹನ್ನೊಂದಕ್ಕೆ ಕೇಳಿದರೆ ಅದು ದೀರ್ಘಾವಧಿ ಸ್ಮೃತಿಗೆ ಕೇಳಿದ ಪ್ರಶ್ನೆ. ಮಾವನವರ ಅಲ್ಪಾವಧಿ ಸ್ಮೃತಿ ಕೆಟ್ಟಿದ್ದರೆ ನಿಮ್ಮ ಮಾತಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಂದಿರಿ ಅನ್ನುವುದೇ ತಪ್ಪಿಹೋಗಬೇಕಿತ್ತು. ಒಂದು ಫೋನ್ ನಂಬರನ್ನು ಎರಡು ತುಂಡು ಮಾಡಿ ಓದಿ, ತಕ್ಷಣ ಒತ್ತಲು ಹೇಳಿ ನೋಡಿ. ಒತ್ತಿದರೆ ಆ ಚೌಕ ಸರಿಯಾಗಿದೆ. ಹೊಸ ಸಂಗತಿ ಅಲ್ಲಿಂದ ಮುಂದಿನ ಚೌಕಕ್ಕೆ ಹೋಗಿ ನಿಲ್ಲುವುದರಲ್ಲಿ ತೊಡಕಿದೆ.

ಇದನ್ನು ಜಗತ್ತಿಗೆ ತಿಳಿಸಿಕೊಟ್ಟವರು ಒಬ್ಬ ರೋಗಿ. ಬದುಕಿರುವವರೆಗೂ ಪುಸ್ತಕಗಳಲ್ಲಿ ಎಚ್.ಎಂ. ಎಂದಷ್ಟೇ ಇತ್ತು. 2008ರಲ್ಲಿ ತೀರಿಕೊಂಡ ಮೇಲೆ ಹೆನ್ರಿ ಮೊಲೈಸನ್ ಎಂಬ ಪೂರ್ತಿ ಹೆಸರು ಹೊರಬಂತು. ಮೂರ್ಛೆರೋಗಕ್ಕೆಂದು 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಮೆದುಳಿನ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗವನ್ನೂ ಅದರ ಸುತ್ತಲಿನ ಭಾಗವನ್ನೂ ತೆಗೆದುಬಿಟ್ಟರು. ಮೂರ್ಛೆ ತಗ್ಗಿತು. ಆದರೆ ಅಂದಿನಿಂದ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಅವರನ್ನು ಪರೀಕ್ಷಿಸಿದರು, ಆದರೂ ಆಕೆ ಪ್ರತಿ ಸಲವೂ ಅವರಿಗೆ ಹೊಸಬರೇ. ಒಮ್ಮೆ 584 ಎಂಬ ಸಂಖ್ಯೆಯನ್ನು ನೆನಪಿಡಲು ಹೇಳಿದಾಗ ಮನಸ್ಸಿನಲ್ಲೇ ಕೂಡಿ ಕಳೆದು, ಬಿಡದೆ ಹಿಡಿದುಕೊಂಡು ಕಾಲು ಗಂಟೆ ಆದ ಮೇಲೂ ಸರಿಯಾಗಿ ಹೇಳಿದರಂತೆ. ಗಮನ ಬೇರೆ ಕಡೆ ಹೋದ ಮರುಕ್ಷಣ, ಸಂಖ್ಯೆ ಇರಲಿ, ಹಾಗೊಂದು ಕೆಲಸ ಕೊಟ್ಟಿದ್ದರು ಅನ್ನುವುದೂ ಇಲ್ಲ.

ನೀವು ಕೇಳಿದ ಗೂಡಿನ ಪ್ರಶ್ನೆಗೂ ಉತ್ತರ ಅವರಲ್ಲೇ ಇದೆ. ಅವರಿಗೆ ಇನ್ನೊಂದು ಪರೀಕ್ಷೆ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮೊದಲ ದಿನ ಯಾರಿಗೂ ಬರುವುದಿಲ್ಲ. ಮೂರನೇ ದಿನದ ಹೊತ್ತಿಗೆ ಎಚ್.ಎಂ. ಕೈ ಚೆನ್ನಾಗಿ ಪಳಗಿತ್ತು, ಆದರೆ ಇದನ್ನು ಹಿಂದೆ ಮಾಡಿದ್ದೇನೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಕೈಯ ಕೆಲಸದ ನೆನಪಿಗೆ ದಾರಿ ಬೇರೆ ಎಂದು ಹೀಗೆ ಗೊತ್ತಾಯಿತು. ಬಿಸಿನೀರಿನ ಬೇಸಿನ್ನಿನಿಂದ ಎಳೆಯ ತುದಿ ಹಿಡಿಯುವುದು, ಗೂಡು ಅಲ್ಲಾಡಿಸಿ ಹುಳದ ಸ್ಥಿತಿ ಹೇಳುವುದು, ಇವನ್ನು ಮಾವನವರು ಪುಸ್ತಕ ಓದಿ ಕಲಿತದ್ದಲ್ಲ. ‘ಹೇಗೆ ಗೊತ್ತಾಯ್ತು ಮಾವ?’ ಅಂತ ಕೇಳಿ ನೋಡಿ, ಸರಿಯಾಗಿ ಹೇಳಲು ಬರುವುದಿಲ್ಲ. ದೀರ್ಘಾವಧಿ ಅನ್ನುವುದು ಒಂದೇ ಚೌಕ ಅಲ್ಲ, ಒಳಗೆ ಹಲವು ಕೋಣೆ. ನೋಟ್ಸಿನ ಚಿತ್ರ ಅಟ್ಕಿನ್ಸನ್ ಮತ್ತು ಶಿಫ್ರಿನ್ 1968ರಲ್ಲಿ ಕೊಟ್ಟದ್ದು. ಅಂಕಕ್ಕೆ ಸಾಕು, ಮನೆಯ ಹಿರಿಯರನ್ನು ಅರ್ಥ ಮಾಡಿಕೊಳ್ಳಲು ಸಾಲದು.

ಹಾಗಂತ ಮಾವನವರಿಗೆ ಎಚ್.ಎಂ. ಥರ ಆಗಿದೆ ಅಂತ ಮನೆಯಲ್ಲಿ ಹೇಳಿಬಿಡಬೇಡಿ! ದಿನಾ ಅದೇ ಮಾತ್ರೆ, ಅದೇ ಲೋಟ, ಅದೇ ಜಗಲಿ. ಇವತ್ತಿನದು ನಿನ್ನೆಯದರ ಜೊತೆ ಕಲಸಿಹೋಗುತ್ತದೆ. ಹಳೆಯದು ಹೊಸದಕ್ಕೆ ಅಡ್ಡ ಬರುವ ಇದಕ್ಕೆ ಪ್ರೊಆಕ್ಟಿವ್ ಇಂಟರ್‌ಫಿಯರೆನ್ಸ್ ಅನ್ನುತ್ತಾರೆ, ನನಗೂ ಆಗುತ್ತದೆ. ಗೂಡಿನ ರೇಟು ಬಿದ್ದ ವರ್ಷ ಹಾಗಲ್ಲ. ಅಂಥದ್ದು ಬಂದದ್ದು ಒಮ್ಮೆ, ಹೊಟ್ಟೆಗೆ ಹೊಡೆದ ಸಂಗತಿ, ಮೇಲಾಗಿ ಜಗಲಿಯಲ್ಲಿ ಕೂತು ನೂರಾರು ಸಲ ಹೇಳಿದ್ದಾರೆ. ಹೇಳಿದಾಗಲೆಲ್ಲ ಗಟ್ಟಿಯಾಗಿದೆ. (ಗಟ್ಟಿಯಾದದ್ದೆಲ್ಲ ನಿಜ ಅಂತೇನೂ ಇಲ್ಲ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಕಾರು ಅಪಘಾತದ ತುಣುಕು ತೋರಿಸಿ, ಕೆಲವರಿಗೆ ‘ಗುದ್ದಿ ಪುಡಿಯಾದಾಗ’ ಎಷ್ಟು ವೇಗ ಇತ್ತು ಅಂತಲೂ ಕೆಲವರಿಗೆ ‘ತಾಗಿದಾಗ’ ಅಂತಲೂ ಕೇಳಿದರು. ವಾರದ ನಂತರ ಒಡೆದ ಗಾಜು ನೋಡಿದಿರಾ ಎಂದರೆ ಮೊದಲ ಗುಂಪಿನ 50 ಜನರಲ್ಲಿ 16 ಜನ ಹೌದು ಅಂದರು, ಎರಡನೇ ಗುಂಪಿನ 50ರಲ್ಲಿ 7. ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. ಯಾರಿಗೆ ಎಷ್ಟು ಬಾಕಿ ಅನ್ನುವ ಮಾವನವರ ಲೆಕ್ಕ ನಂಬಿ ವಸೂಲಿಗೆ ಹೋಗಬೇಡಿ.)

ಇನ್ನು ‘70% ಹೋಗುತ್ತೆ’ ಅನ್ನುವುದು. ಕೋಚಿಂಗಿನವರ ಗೋಡೆ ಮೇಲೆಲ್ಲ ಇದೇ. ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ್ದು ತನ್ನೊಬ್ಬನ ಮೇಲೆ, ಅರ್ಥವೇ ಇಲ್ಲದ ಉಚ್ಚಾರಗಳನ್ನು ಬಾಯಿಪಾಠ ಮಾಡಿ ಅಳೆದದ್ದು. ಅಳೆದದ್ದಾದರೂ ಏನು? ಮತ್ತೆ ಕಲಿಯುವಾಗ ಮೊದಲ ಸಲಕ್ಕಿಂತ ಎಷ್ಟು ಶ್ರಮ ಉಳಿತಾಯವಾಯಿತು ಅನ್ನುವುದನ್ನು. 20 ನಿಮಿಷದ ನಂತರ ಸುಮಾರು 58%, ಒಂದು ದಿನಕ್ಕೆ ಮೂರನೇ ಒಂದು ಪಾಲು, 31 ದಿನಕ್ಕೆ 21%. ತಿಂಗಳಾದ ಮೇಲೂ ಐದನೇ ಒಂದು ಪಾಲು ಶ್ರಮ ಉಳಿಯಿತಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಅರ್ಥವಿರುವ ಪಾಠಕ್ಕೆ ಈ ಅಂಕಿ ತಂದು ಅಂಟಿಸುವುದು ತಪ್ಪು.

ನಿಮ್ಮ ಓದಿನ ತೊಂದರೆ ಮರೆವಿಗಿಂತ ಮೊದಲೇ ಶುರುವಾಗಿದೆ. ಓದಿದ್ದನ್ನೇ ಓದಿದರೆ ಪುಟ ಪರಿಚಯವಾಗುತ್ತದೆ, ಗುರುತು ಸಿಗುತ್ತದೆ. ಪರೀಕ್ಷೆಯಲ್ಲಿ ಗುರುತು ಹಿಡಿಯಲು ಪುಟ ಎದುರಿಗೆ ಇರುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಇದನ್ನು ಚೊಕ್ಕವಾಗಿ ತೋರಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ಮುಚ್ಚಿ ಬರೆದವರು ಮುಂದೆ. ರಾತ್ರಿ ಅನ್ನಿಸುವ ‘ಗೊತ್ತಿರೋದೇ’ ಆ ಐದು ನಿಮಿಷದ ಫಲಿತಾಂಶ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ಬೆಳಗ್ಗೆ ಸೊಪ್ಪು ಬಿಡಿಸುವಾಗ ಮನಸ್ಸಿನಲ್ಲೇ ಹೇಳಿಕೊಳ್ಳಿ. ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮಾತ್ರ ಪುಸ್ತಕ ತೆಗೆಯಿರಿ. ಕಷ್ಟ ಅನ್ನಿಸುತ್ತದೆ, ಅನ್ನಿಸಲಿ.

ಸಿಸ್ಟರ್ ಅಕ್ಕ, ಗೌರಿಬಿದನೂರು:

ಮೇಷ್ಟ್ರು ಪಾಠ ಚೆನ್ನಾಗಿ ಮಾಡಿದಾರೆ, ನಾನು ವಾರ್ಡಿನ ಮಾತು ಹೇಳ್ತೀನಿ. ಮಾತ್ರೆ ಎರಡು ಸಲ ಆಗೋದು ಒಳ್ಳೇದಲ್ಲ, ಬಿ.ಪಿ. ಇಳಿದು ಬಚ್ಚಲುಮನೇಲಿ ಬೀಳ್ತಾರೆ. ವಾರದ ಏಳು ಖಾನೆ ಇರೋ ಡಬ್ಬಿ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ಭಾನುವಾರ ನೀವೇ ತುಂಬಿಡಿ. ಖಾನೆ ಖಾಲಿ ಅಂದ್ರೆ ತಗೊಂಡಾಯ್ತು, ನೆನಪಿನ ಪ್ರಶ್ನೆನೇ ಬರಲ್ಲ.

ಕೇಳಿದ್ದನ್ನೇ ಕೇಳೋದು, ಗೊತ್ತಿರೋ ಬೀದೀಲಿ ದಾರಿ ತಪ್ಪೋದು, ದುಡ್ಡಿನ ಲೆಕ್ಕ ತಪ್ಪೋದು ಇದ್ರೆ ‘ವಯಸ್ಸಾಯ್ತು’ ಅಂತ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಬಿ12 ಕಮ್ಮಿ ಆದ್ರೂ, ಥೈರಾಯ್ಡ್ ಇದ್ರೂ, ಮನಸ್ಸಿಗೆ ಬೇಜಾರು ಹಿಡಿದ್ರೂ ಮರೆವು ಬರುತ್ತೆ, ಅವಕ್ಕೆಲ್ಲ ಔಷಧ ಇದೆ.

ಋಣಾತ್ಮಕ ಪುನರ್ಬಲನ ನಾನೂ ನರ್ಸಿಂಗಲ್ಲಿ ಓದಿದ್ದೆ. ಚಿಂತಾಮಣಿ ಬಸ್ಸಲ್ಲಿ ಮಗು ಕಿರುಚ್ತಾ ಇರುತ್ತೆ, ತಾಯಿ ಮೊಬೈಲ್ ಕೊಡ್ತಾಳೆ, ಮಗು ಸುಮ್ಮನಾಗುತ್ತೆ. ಕಿರುಚಾಟ ಅನ್ನೋ ಹಿಂಸೆ ತಪ್ಪಿತಲ್ಲ, ಅದಕ್ಕೇ ತಾಯಿ ನಾಳೆನೂ ಮೊಬೈಲ್ ಕೊಡ್ತಾಳೆ. ತಾಯಿಗೆ ಆಗಿದ್ದು ಋಣಾತ್ಮಕ ಪುನರ್ಬಲನ. ಮಗುಗೆ ಮೊಬೈಲ್ ಸಿಕ್ತು, ನಾಳೆ ಇನ್ನೂ ಜೋರಾಗಿ ಕಿರುಚುತ್ತೆ, ಅದು ಧನಾತ್ಮಕ. ಎರಡರಲ್ಲೂ ವರ್ತನೆ ಹೆಚ್ಚಾಯ್ತು. ಶಿಕ್ಷೆ ಅಂದ್ರೆ ವರ್ತನೆ ಕಮ್ಮಿ ಆಗ್ಬೇಕು. ಋಣ ಅಂದ್ರೆ ಕೆಟ್ಟದ್ದು ಅಲ್ಲ, ಏನೋ ಒಂದು ತೆಗೆದ್ರು ಅಂತ ಅಷ್ಟೇ.

ಚಿಂತಾಮಣಿ ಹುಡುಗ:

ಮೇಷ್ಟ್ರೇ ಅರ್ಧ ಅಂಕನಾದ್ರೂ ಕೊಟ್ರಲ್ಲ, ಥ್ಯಾಂಕ್ಸ್. ನಮ್ ಚಿಂತಾಮಣಿ ಬಸ್ಸಿನ ಮರ್ಯಾದೆ ಮಾತ್ರ ತೆಗೀಬೇಡಿ ಸಿಸ್ಟರ್.

ಶಿಡ್ಲಘಟ್ಟದ ಸೊಸೆ:

ಸಾರ್, ಸಿಸ್ಟರ್, ತುಂಬಾ ಉಪಕಾರ ಆಯ್ತು. ಫೋನ್ ನಂಬರ್ ಐದೈದು ಅಂಕಿ ಮಾಡಿ ಹೇಳಿದೆ, ಮಾವನವರು ತಡವರಿಸದೆ ಒತ್ತಿದ್ರು. ಒತ್ತಿ, ಆ ಕಡೆ ನಮ್ಮ ನಾದಿನಿ ಎತ್ತಿದ್ರು, ಅವರ ಹತ್ರ ಅರ್ಧ ಗಂಟೆ ಮಾತು. ಇಟ್ಟ ಮೇಲೆ ನಂಬರ್ ಕೇಳಿದ್ರೆ ‘ನಂಗೇನ್ ಗೊತ್ತು, ಹೇಳಿದ್ದು ನೀನಲ್ವಾ’ ಅಂದ್ರು. ನಂಗೂ ಅಷ್ಟೇ ಅನ್ಸುತ್ತೆ, ಅವರದೇನು ತಪ್ಪು. ಗೂಡಿನ ವಿಷಯ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದಕ್ಕೆ ನನ್ನ ಕೈಗೇ ಒಂದು ಗೂಡು ಕೊಟ್ಟು ‘ಅಲ್ಲಾಡ್ಸು’ ಅಂದ್ರು. ಸದ್ದೇನೋ ಬಂತು, ಏನೂ ತಿಳೀಲಿಲ್ಲ. ಡಬ್ಬಿ ತರ್ಸಿದೀವಿ. ಡಾಕ್ಟರ ಹತ್ರ ಹೋಗೋಕೆ ಮನೆಯವರನ್ನ ಒಪ್ಪಿಸ್ತಾ ಇದೀನಿ.

ಪರೀಕ್ಷೆಗೆ ಒಂದು ಕೇಳ್ತೀನಿ ಸಾರ್. ಅಲ್ಪಾವಧಿ ಸ್ಮೃತಿಯ ಸಾಮರ್ಥ್ಯ ನೋಟ್ಸಲ್ಲಿ 7 ಅಂತಿದೆ, ಯೂಟ್ಯೂಬಲ್ಲಿ ಒಬ್ಬರು 4 ಅಂತಾರೆ. ಯಾವುದು ಬರೀಲಿ?

ಕೋಲಾರದ ನಿವೃತ್ತ ಮೇಷ್ಟ್ರು:

7 ಕೂಡಿಸು ಅಥವಾ ಕಳೆ 2 ಎಂದು ಬರೆದು ಪಕ್ಕದಲ್ಲಿ ಜಾರ್ಜ್ ಮಿಲ್ಲರ್, 1956 ಅಂತ ಹಾಕಿ. ಪತ್ರಿಕೆ ತಿದ್ದುವವರು ಅದನ್ನೇ ಹುಡುಕುವುದು. ಜೊತೆಗೆ ಒಂದು ಸಾಲು: ಗುನುಗಲು, ಗುಂಪು ಮಾಡಲು ಬಿಡದಿದ್ದರೆ ಸುಮಾರು 4 ಮಾತ್ರ ಎಂದು ಕೋವನ್ 2001ರಲ್ಲಿ ವಾದಿಸಿದರು. ಇದು 7 ಅಂಕಿ ಅಲ್ಲ, 7 ಗುಂಪು ಎಂಬುದನ್ನು ಬಿಡಬೇಡಿ. ಫೋನ್ ನಂಬರನ್ನು ಐದೈದು ಮಾಡಿ ಹೇಳಿದಿರಲ್ಲ, ಉದಾಹರಣೆಗೆ ಅದನ್ನೇ ಕೊಡಿ.

ಚಿತ್ರ ಬರೆಯುವಾಗ ಹೆಚ್ಚಿನವರು ಬಾಣವನ್ನು ಎಡದಿಂದ ಬಲಕ್ಕೆ ಮಾತ್ರ ಹಾಕುತ್ತಾರೆ. ದೀರ್ಘಾವಧಿ ಚೌಕದಿಂದ ಅಲ್ಪಾವಧಿಗೆ ಹಿಂದಕ್ಕೂ ಒಂದು ಬಾಣ ಹಾಕಿ ‘ಪುನಃಸ್ಮರಣೆ’ ಅಂತ ಬರೆಯಿರಿ. ಅದಕ್ಕೇ ಒಂದು ಅಂಕ ಇರುತ್ತದೆ.