ಕುತ್ತಿಗೆ ತಿರುಗ್ತಿಲ್ಲ, ನೋವೂ ಇಲ್ಲ. ವಯಸ್ಸಿನದೇನಾ?

ಡೊಂಬಿವಲಿ ಮಗಳು:
ಅಪ್ಪನಿಗೆ 68. ರಸ್ತೆ ದಾಟುವಾಗ ಹಿಂದೆ ಬರುವ ರಿಕ್ಷಾ ನೋಡಲು ಇಡೀ ಮೈ ತಿರುಗಿಸುತ್ತಾರೆ. ನೋವಿಲ್ಲ ಅನ್ನುತ್ತಾರೆ. ನನ್ನ ಕುತ್ತಿಗೆ ಸಲೀಸಾಗಿ ತಿರುಗುತ್ತದೆ, ಆದರೆ ಲೋಕಲ್ ರೈಲಿನಲ್ಲಿ ಮೊಬೈಲ್ ನೋಡುತ್ತ ಬಂದರೆ ಸಂಜೆ ನೋವು. ಇದು ಹೇಗೆ? ಅಪ್ಪನ ಎಕ್ಸ್‌ರೇಯಲ್ಲಿ ಸವೆತ ಅಂತ ಬಂದಿದೆ. ಅಮ್ಮ ಹೆದರಿದ್ದಾರೆ. ಕುತ್ತಿಗೆ ಪಟ್ಟಿ ಹಾಕಿಸಲಾ?

ಮುಲುಂಡ್ ಫಿಸಿಯೋ:
ತಿರುಗುವುದು ಬೇರೆ, ನೋವು ಬೇರೆ. ವಯಸ್ಸಾದಂತೆ ಡಿಸ್ಕ್‌ನಲ್ಲಿ (ಮೂಳೆಗಳ ನಡುವಿನ ಮೆತ್ತೆ) ನೀರು ಕಡಿಮೆಯಾಗುತ್ತದೆ, ಕೀಲು ಬಿಗಿಯುತ್ತದೆ. 60 ದಾಟಿದ ಹೆಚ್ಚಿನವರಲ್ಲಿ ನೋವಿಲ್ಲದಿದ್ದರೂ ಸವೆತ ಕಾಣುತ್ತದೆ. ಅಮ್ಮನಿಗೆ ಮೊದಲು ಇದನ್ನೇ ಹೇಳಿ. ಕುತ್ತಿಗೆಯಲ್ಲಿ 7 ಮೂಳೆ. ಅಕ್ಕಪಕ್ಕ ತಿರುಗುವುದರಲ್ಲಿ ಸುಮಾರು ಅರ್ಧ ಮೇಲಿನ ಎರಡರ ನಡುವೆಯೇ ನಡೆಯುತ್ತದೆ. ಸವೆತ ಜಾಸ್ತಿ ಕಾಣುವುದು ಕೆಳಗಿನವುಗಳಲ್ಲಿ. ಸುಮ್ನೆ ಪಟ್ಟಿ ಬೇಡ, ಸ್ನಾಯು ಇನ್ನಷ್ಟು ಸೋಲುತ್ತದೆ. ನಿಮ್ಮದು ತುಂಬಾ ಹೊತ್ತು ತಲೆ ಬಗ್ಗಿಸಿದ್ದರ ನೋವು ಇರಬಹುದು. ಮೊಬೈಲ್ ಎತ್ತಿ ಹಿಡಿಯಿರಿ, ಆಗಾಗ ತಲೆ ಆಡಿಸಿ.

ಪುಣೆ ಅಜ್ಜಿ:
ನಾನು ಬಿಸಿನೀರಿನ ಸ್ನಾನ ಆದ ಮೇಲೆ ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸುತ್ತೇನೆ. ಹಿತ ಅನಿಸುತ್ತೆ ಮಗಳೇ.

ಡೊಂಬಿವಲಿ ಮಗಳು:
ಡಾಕ್ಟರ ಹತ್ತಿರ ಯಾವಾಗ ಓಡಬೇಕು?

ಮುಲುಂಡ್ ಫಿಸಿಯೋ:
ಕೈ ಜೋಮು ಹಿಡಿದರೆ, ಅಂಗಿ ಗುಂಡಿ ಹಾಕಲು ಕಷ್ಟವಾದರೆ, ನಡಿಗೆ ತಪ್ಪಿದರೆ ತಡ ಮಾಡಬೇಡಿ. ಬೆನ್ನುಹುರಿ ಒತ್ತಿರಬಹುದು.