‘ಡೆವ್ ಪ್ಯಾಕೇಜ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ಗೆ ಹೊಸದಾಗಿ ಬಂದವರಿಗೆ ಅಂತ ಒಂದು ಸಹಾಯದ ಪುಟವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತಿದೆ.

ಸಂದರ್ಭ ಹೀಗಿದೆ. ಕನ್ನಡದ ಒತ್ತಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡಲು ಎಷ್ಟೋ ತಂತ್ರಾಂಶಗಳು ಹಾರ್ಫ್‌ಬಜ್ ಎಂಬ ಲೈಬ್ರರಿಯನ್ನು (ಬೇರೆ ತಂತ್ರಾಂಶಗಳಿಗೆ ನೆರವಾಗುವ ಸಿದ್ಧ ಕೋಡನ್ನು) ಬಳಸುತ್ತವೆ. ಅಂಥ ತಂತ್ರಾಂಶವೊಂದನ್ನು ಸೋರ್ಸ್ ಕೋಡಿನಿಂದ ನಾವೇ ಕಂಪೈಲ್ ಮಾಡಲು (ಅಂದರೆ ಬರೆದ ಕೋಡನ್ನು ಓಡುವ ರೂಪಕ್ಕೆ ತರಲು) ಹೋದರೆ, ‘ಎಚ್‌ಬಿ.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ಕಂಪೈಲರ್ ಅಲ್ಲೇ ನಿಂತುಬಿಡಬಹುದು. ಲಿಬ್ರೆಆಫೀಸಿನಲ್ಲಿ ಕನ್ನಡ ಚೆನ್ನಾಗೇ ಕಾಣುತ್ತಿದೆಯಲ್ಲ, ಹಾರ್ಫ್‌ಬಜ್ ಇದ್ದೇ ಇದೆ, ಮತ್ತೆ ಇಲ್ಲ ಅಂದರೇನು? ಇರುವುದು ಓಡಿಸಲು ಬೇಕಾದ ಭಾಗ ಮಾತ್ರ. ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳು (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರ್‌ಗೆ ತಿಳಿಸುವ, ಎಚ್‌ಬಿ.ಎಚ್‌ನಂಥ ಫೈಲುಗಳು) ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ‘ಲಿಬ್‌ಹಾರ್ಫ್‌ಬಜ್-ಡೆವ್’ ಅನ್ನುವ ಬೇರೆ ಪ್ಯಾಕೇಜಿನಲ್ಲಿರುತ್ತವೆ, ಫೆಡೋರಾದಲ್ಲಿ ‘ಹಾರ್ಫ್‌ಬಜ್-ಡೆವೆಲ್’ನಲ್ಲಿ. ಆರ್ಚ್‌ನಲ್ಲಿ ಈ ತಾಪತ್ರಯ ಇಲ್ಲ, ಸಾಮಾನ್ಯವಾಗಿ ಎಲ್ಲ ಒಟ್ಟಿಗೇ ಬರುತ್ತದೆ.

ಈ ‘ಡೆವ್’ಗೆ (ಅದು ‘ಡೆವಲಪ್‌ಮೆಂಟ್’ನ ಚಿಕ್ಕ ರೂಪ) ‘ಅಭಿವೃದ್ಧಿ ಪ್ಯಾಕೇಜ್’ ಅಂದರೆ ಕಲ್ಯಾಣ ಕರ್ನಾಟಕಕ್ಕೆ ಸರಕಾರ ಅನುದಾನ ಘೋಷಿಸಿದ ಹಾಗೆ ಕೇಳಿಸುತ್ತದೆ, ಅಲ್ವಾ? ನಗು ಹಾಗಿರಲಿ, ‘ಇನ್ನೂ ಅಭಿವೃದ್ಧಿ ಹಂತದಲ್ಲಿದೆ, ಪೂರ್ತಿಯಾಗಿಲ್ಲ’ ಅಂತ ಅರ್ಥ ಮಾಡಿಕೊಂಡು ಓದುಗರು ಅದನ್ನು ಬಿಟ್ಟೇಬಿಡಬಹುದು. ‘ಕಟ್ಟುವ ಪ್ಯಾಕೇಜ್’ ಅನ್ನೋಣ ಅಂದರೆ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದೇ ಕಣ್ಣ ಮುಂದೆ ಬರುತ್ತದೆ. ಹೆಡರ್‌ಗೆ ‘ತಲೆಬರಹ’ ಖಂಡಿತ ಬೇಡ, ಅದು ಪತ್ರಿಕೆಯವರದ್ದು.

‘ಮಿಸ್ಸಿಂಗ್ ಫೈಲ್’ಗೆ ‘ಕಾಣೆಯಾದ ಕಡತ’ ಅನ್ನುವುದೂ ನನಗೆ ಒಗ್ಗುತ್ತಿಲ್ಲ. ಕಾಣೆಯಾಗಬೇಕಾದರೆ ಮೊದಲು ಇರಬೇಕಲ್ಲ, ಇದು ಬಂದೇ ಇರಲಿಲ್ಲ. ‘ಈ ಫೈಲ್ ಸಿಗುತ್ತಿಲ್ಲ’ ಅಂತ ಬರೆದಿದ್ದೇನೆ, ಸಾಕು ಅನ್ನಿಸುತ್ತದೆ.

ಯಾವ ಪ್ಯಾಕೇಜ್ ಅಂತ ಹುಡುಕುವ ಭಾಗಕ್ಕೆ ಪದದ ತೊಂದರೆ ಇಲ್ಲ, ಆದರೂ ನೋಡಿ ಹೇಳಿ. ಹೆಸರು ಊಹಿಸಬೇಡಿ ಅಂತ ಮೊದಲೇ ಬರೆದಿದ್ದೇನೆ, ಯಾಕೆಂದರೆ ಜೆಡ್‌ಲಿಬ್ ಎಂಬ ಇನ್ನೊಂದು ಲೈಬ್ರರಿಯ ಜೆಡ್‌ಲಿಬ್.ಎಚ್ ಬೇಕಾದವರು ಡೆಬಿಯನ್‌ನಲ್ಲಿ ‘ಜೆಡ್‌ಲಿಬ್-ಡೆವ್’ ಅಂತ ಕೇಳಿದರೆ ಸಿಗುವುದಿಲ್ಲ, ಅಲ್ಲಿ ಅದರ ಹೆಸರು ‘ಜೆಡ್‌ಲಿಬ್1ಜಿ-ಡೆವ್’. ಅದಕ್ಕೇ ಡೆಬಿಯನ್, ಉಬುಂಟುಗಳಲ್ಲಿ ‘ಆಪ್ಟ್-ಫೈಲ್’ ಅನ್ನುವ ಹುಡುಕುವ ಸಾಧನ ಹಾಕಿಕೊಂಡು, ಅದರ ಪಟ್ಟಿಯನ್ನು ಅಪ್‌ಡೇಟ್ ಮಾಡಿ, ಫೈಲಿನ ಹೆಸರು ಕೊಟ್ಟು ಹುಡುಕಬೇಕು. ಸುಮ್ನೆ ‘ಎಚ್‌ಬಿ.ಎಚ್’ ಅಂತ ಕೊಟ್ಟರೆ ಆ ಅಕ್ಷರಗಳು ಎಲ್ಲೆಲ್ಲಿ ಬರುತ್ತವೋ ಅದೆಲ್ಲ ಬಂದು ಬೀಳುತ್ತದೆ. ಅದರ ಮೊದಲಿಗೆ ‘ಹಾರ್ಫ್‌ಬಜ್/’ ಸೇರಿಸಿ ಕೇಳಿ, ಬಂದ ಸಾಲುಗಳಲ್ಲಿ ‘ಯುಎಸ್‌ಆರ್/ಇನ್‌ಕ್ಲೂಡ್’ ಫೋಲ್ಡರಿನ ಒಳಗಿರುವುದನ್ನು ಆರಿಸಿಕೊಳ್ಳಿ. ಫೆಡೋರಾದಲ್ಲಿ ಇದೇ ಕೆಲಸಕ್ಕೆ ‘ಡಿಎನ್‌ಎಫ್ ಪ್ರೊವೈಡ್ಸ್’ ಇದೆ.

ಸದ್ಯಕ್ಕೆ ‘ಡೆವ್ ಪ್ಯಾಕೇಜ್’ ಅಂತಲೇ ಇಟ್ಟು, ಮೊದಲ ಸಲ ಬಂದ ಕಡೆ ‘ಕಂಪೈಲ್ ಮಾಡಲು ಬೇಕಾದ ಪ್ಯಾಕೇಜ್’ ಅಂತ ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾದ, ಆಡುಮಾತಿಗೆ ಹತ್ತಿರದ ಪದ ನಿಮ್ಮ ಬಳಿ ಇದೆಯಾ? ಒಂದೇ ಷರತ್ತು: ಇನ್‌ಸ್ಟಾಲ್ ಮಾಡುವಾಗ ಓದುಗರು ಕೊನೆಗೆ ಟೈಪ್ ಮಾಡಬೇಕಾದದ್ದು ‘ಡೆವ್’ (ಫೆಡೋರಾದಲ್ಲಿ ‘ಡೆವೆಲ್’) ಅಂತಲೇ, ಆದ್ದರಿಂದ ಅದನ್ನು ಪೂರ್ತಿ ಮರೆಮಾಡುವ ಪದ ಬೇಡ.